ನಗರದಂಚಿನ ಬೇಸಿಗೆ ತೋಟ: ನೀರಿನ ಲೆಕ್ಕ ಹಿಡಿದ ಬೇಸಾಯ

ಬೆಂಗಳೂರನ್ನು ಸುತ್ತುವರಿದ ಆನೇಕಲ್, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳಿಂದ ಹಿಡಿದು ಆಚೆಯ ಮಾಲೂರು, ಕೋಲಾರ, ಚಿಕ್ಕಬಳ್ಳಾಪುರದವರೆಗೆ ಹಬ್ಬಿರುವ ತರಕಾರಿ ಸೀಮೆಗೆ ವರ್ಷದಲ್ಲಿ ನಾಲ್ಕೈದು ತಿಂಗಳು ಮಳೆಯ ಆಸರೆ ಇಲ್ಲ. ಡಿಸೆಂಬರಿನ ಹೊತ್ತಿಗೆ ಹಿಂಗಾರು ಮುಗಿದರೆ, ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ ಗುಡುಗು ಮಳೆ ಬೀಳುವವರೆಗೆ ನೆಲ ಒಣಗುತ್ತಲೇ ಹೋಗುತ್ತದೆ. ನಗರದ ಅಡುಗೆಮನೆಗೆ ಮಾತ್ರ ಟೊಮೆಟೊ, ಹುರುಳಿಕಾಯಿ, ಕೊತ್ತಂಬರಿ, ದಂಟು ದಿನವೂ ಬೇಕು. ಬೇಸಿಗೆಯಲ್ಲಿ ಬೆಳೆದವನಿಗೆ ಒಳ್ಳೆಯ ಬೆಲೆ ಸಿಗುವುದೂ ಇದೇ ಕಾರಣಕ್ಕೆ. ನೀರು ತೀರಾ ಕಡಿಮೆ ಇರುವ ಕಾಲದಲ್ಲಿ ನೀರನ್ನೇ ನೆಚ್ಚಿದ ಬೆಳೆ ತೆಗೆಯಬೇಕಾದ ಸಂಕಟ ನಗರದಂಚಿನ ರೈತರದು.

ಈ ಭಾಗದಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಪಾಲಾರ್, ಅರ್ಕಾವತಿ, ಉತ್ತರ ಹಾಗೂ ದಕ್ಷಿಣ ಪಿನಾಕಿನಿಗಳು ನಂದಿ ಬೆಟ್ಟಸಾಲು ಮತ್ತು ಅದರ ಸುತ್ತಲ ಎತ್ತರದ ನೆಲದಲ್ಲೇ ಹುಟ್ಟಿದರೂ ಇಲ್ಲಿ ಅವು ಮಳೆಗಾಲದ ಹಳ್ಳಗಳಷ್ಟೇ. ಹಿಂದಿನವರು ಕೆರೆ ಕಟ್ಟಿ, ತೆರೆದ ಬಾವಿ ತೋಡಿ ಬದುಕಿದರು. ಬಾವಿಗಳು ಬತ್ತಿದ ಮೇಲೆ ಕೊಳವೆಬಾವಿ ಬಂತು. ಈಗ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಸಾವಿರ, ಸಾವಿರದೈನೂರು ಅಡಿ ಕೊರೆಸಿದರೂ ನೀರು ಸಿಗುವ ಖಾತರಿಯಿಲ್ಲ. ಅದರ ಮೇಲೆ ಹವಾಮಾನವೂ ಮೊದಲಿನಂತಿಲ್ಲ. 2023ರ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಮರುವರ್ಷದ ಏಪ್ರಿಲ್ 28ರಂದು ಬೆಂಗಳೂರಿನ ಉಷ್ಣಾಂಶ 38.5 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಬರುವ ಮಳೆಯೂ ಕೆಲವೇ ದಿನಗಳಲ್ಲಿ ರಭಸವಾಗಿ ಸುರಿದು, ನೆಲಕ್ಕೆ ಇಂಗುವ ಮೊದಲೇ ಚರಂಡಿ ಸೇರುವುದು ಹೆಚ್ಚಾಗಿದೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2010ರಲ್ಲಿ ‘ಹವಾಮಾನ ಜಾಣ ಕೃಷಿ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟಿತು. ಇಳುವರಿ ಹಾಗೂ ಆದಾಯ ಹೆಚ್ಚಬೇಕು, ಹವಾಮಾನದ ಏಟನ್ನು ತಾಳಿಕೊಳ್ಳುವ ಶಕ್ತಿ ಬೆಳೆಗೂ ರೈತನಿಗೂ ಬರಬೇಕು, ಸಾಧ್ಯವಾದಲ್ಲೆಲ್ಲ ಹಸಿರುಮನೆ ಅನಿಲಗಳು ತಗ್ಗಬೇಕು ಎಂಬ ಮೂರು ಗುರಿಗಳು ಅದರಲ್ಲಿವೆ. ಹೆಸರು ಕೇಳಿದೊಡನೆ ಮೊಬೈಲು, ಡ್ರೋನು, ಸಂವೇದಕಗಳು ಕಣ್ಣ ಮುಂದೆ ಬರಬಹುದು. ಬೆಂಗಳೂರಿನ ಅಂಚಿನ ಬೇಸಿಗೆ ಬೇಸಾಯದ ಮಟ್ಟಿಗೆ ಜಾಣತನ ಇರುವುದು ಮೊದಲು ನೀರಿನ ಲೆಕ್ಕದಲ್ಲಿ. ಎಷ್ಟು ನೀರಿದೆ, ಎಷ್ಟು ಆವಿಯಾಗುತ್ತದೆ, ಗಿಡಕ್ಕೆ ಎಷ್ಟು ಬೇಕು, ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿರುವ ತೋಟದಲ್ಲಿ ಸಾದಾ ಸಾಧನವೂ ಫಲ ಕೊಡುತ್ತದೆ. ಗೊತ್ತಿಲ್ಲದ ಕಡೆ ದುಬಾರಿ ಸಾಧನವೂ ಕೊಳವೆಬಾವಿಯನ್ನು ಬೇಗ ಬರಿದು ಮಾಡುತ್ತದೆ.

ಲೆಕ್ಕ ಕೃಷಿ ಹೊಂಡದಿಂದ ಶುರುವಾಗುತ್ತದೆ. 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯಿಂದಾಗಿ ಹೊಂಡ ಎಂಬುದು ಮಳೆಯಾಶ್ರಿತ ರೈತರಿಗೆ ಮನೆಮಾತಾಯಿತು. ಮೇಲ್ಭಾಗದಲ್ಲಿ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ ಇದ್ದು, ಬದಿಗಳು ಇಳಿಜಾರಾಗಿ ತಳ 12 ಮೀಟರಿಗೆ ಕಿರಿದಾದ ಹೊಂಡದಲ್ಲಿ ಸುಮಾರು 8.4 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಕೇಳಲು ದೊಡ್ಡ ಮೊತ್ತ. ಆದರೆ ಒಂದು ಎಕರೆ ಟೊಮೆಟೊದಲ್ಲಿ ಐದಾರು ಸಾವಿರ ಗಿಡಗಳಿರುತ್ತವೆ. ಕಾಯಿ ತುಂಬಿರುವಾಗ ಬಿರುಬಿಸಿಲಿನಲ್ಲಿ ಗಿಡವೊಂದು ದಿನಕ್ಕೆ ಮೂರು ಲೀಟರಿನಷ್ಟು ನೀರು ಬೇಡುತ್ತದೆ. ಇಡೀ ಬೆಳೆಯ ಅವಧಿಗೆ ಎಕರೆಗೆ 15 ಲಕ್ಷ ಲೀಟರಿನ ಆಸುಪಾಸು ಬೇಕಾಗುತ್ತದೆ. ಅಂದರೆ ತುಂಬಿದ ಹೊಂಡವೊಂದು ನಿಭಾಯಿಸಬಲ್ಲದು ಅರ್ಧ ಎಕರೆಯನ್ನು ಮಾತ್ರ. ಅಷ್ಟೂ ನೀರು ಬೆಳೆಗೇ ಸಿಗುವುದಿಲ್ಲ ಎಂಬುದು ಇನ್ನೊಂದು ಮಾತು. ಬೇಸಿಗೆಯಲ್ಲಿ ತೆರೆದ ನೀರಿನ ಮೇಲ್ಮೈಯಿಂದ ದಿನಕ್ಕೆ 5 ಮಿಲಿಮೀಟರಿನಷ್ಟು ಆವಿಯಾದರೂ ತುಂಬಿದ ಹೊಂಡದಿಂದ ನಿತ್ಯ ಸುಮಾರು 2,200 ಲೀಟರ್ ಗಾಳಿಗೆ ಹೋಯಿತು. ತಳಕ್ಕೆ ಹಾಸಿದ ಪಾಲಿಥೀನ್ ಹಾಳೆ ಇಂಗುವಿಕೆಯನ್ನು ತಡೆಯುತ್ತದೆಯೇ ಹೊರತು ಬಿಸಿಲನ್ನಲ್ಲ. ಹೊಂಡದ ಮೇಲೆ ನೆರಳು ಪರದೆ ಎಳೆದರೆ, ಗಾಳಿ ಬೀಸುವ ದಿಕ್ಕಿಗೆ ಗ್ಲಿರಿಸಿಡಿಯಾ ಅಥವಾ ಅಗಸೆಯ ಬೇಲಿ ಬೆಳೆಸಿದರೆ ಈ ನಷ್ಟ ಸಾಕಷ್ಟು ತಗ್ಗುತ್ತದೆ. ಹೊಂಡಕ್ಕೆ ಖರ್ಚು ಮಾಡಿದವರು ಪರದೆಗೆ ಕೈ ಬಿಗಿ ಹಿಡಿಯುವುದು ಈ ಸೀಮೆಯಲ್ಲಿ ಸಾಮಾನ್ಯ. ಅದೇ ದೊಡ್ಡ ಸೋರಿಕೆ.

ಹೊಂಡದ ಅಥವಾ ಬೋರಿನ ನೀರು ಗಿಡ ಮುಟ್ಟುವುದು ಬಹುತೇಕ ಹನಿ ನೀರಾವರಿಯಿಂದ. ಇಸ್ರೇಲಿನಲ್ಲಿ ಸಿಮ್ಚಾ ಬ್ಲಾಸ್ ರೂಪಿಸಿ 1960ರ ದಶಕದಲ್ಲಿ ಬಳಕೆಗೆ ಬಂದ ಈ ವಿಧಾನ ಕೋಲಾರ ಸೀಮೆಯಲ್ಲಿ ಎಷ್ಟು ಬೇರೂರಿದೆಯೆಂದರೆ, ಡ್ರಿಪ್ ಇಲ್ಲದ ಟೊಮೆಟೊ ತೋಟ ಈಗ ಅಪರೂಪ. ಪಂಪಿನಿಂದ ಬಂದ ನೀರು ಫಿಲ್ಟರ್ ದಾಟಿ, ಮುಖ್ಯ ಕೊಳವೆಯಿಂದ ಉಪಕೊಳವೆಗೆ, ಅಲ್ಲಿಂದ 16 ಮಿಲಿಮೀಟರ್ ದಪ್ಪದ ಕಪ್ಪು ಲ್ಯಾಟರಲ್ಲುಗಳಿಗೆ ಇಳಿಯುತ್ತದೆ. ಲ್ಯಾಟರಲ್ಲಿನ ಒಳಗೇ ಅಡಿಗೊಂದರಂತೆ ಕೂರಿಸಿದ ಡ್ರಿಪ್ಪರುಗಳು ಗಂಟೆಗೆ ಎರಡು ಅಥವಾ ನಾಲ್ಕು ಲೀಟರಿನಂತೆ ಬೇರಿನ ಬಳಿ ತೊಟ್ಟಿಕ್ಕಿಸುತ್ತವೆ. ಸಾಲುಗಳ ನಡುವಿನ ನೆಲ ಒಣಗಿಯೇ ಇರುವುದರಿಂದ ಕಳೆ ಕಡಿಮೆ. ಎಲೆ ಒದ್ದೆಯಾಗದ್ದರಿಂದ ರೋಗವೂ ಕಡಿಮೆ. ಗೊಬ್ಬರದ ದ್ರಾವಣವನ್ನು ಹೀರಿ ನೀರಿಗೆ ಬೆರೆಸುವ ವೆಂಚುರಿ ಜೋಡಿಸಿದರೆ ಕರಗುವ ಗೊಬ್ಬರವನ್ನೂ ಅದೇ ನೀರಿನಲ್ಲಿ ಕೊಡಬಹುದು. ಯೂರಿಯಾವನ್ನು ಒಮ್ಮೆಲೇ ಎರಚುವ ಬದಲು ಸ್ವಲ್ಪಸ್ವಲ್ಪವಾಗಿ ಬೇರಿಗೆ ಕೊಟ್ಟಾಗ ನೈಟ್ರಸ್ ಆಕ್ಸೈಡ್ ಎಂಬ ಬಲವಾದ ಹಸಿರುಮನೆ ಅನಿಲ ಹೊರಬೀಳುವುದೂ ತಗ್ಗುತ್ತದೆ. ಸರ್ಕಾರದ ಸಹಾಯಧನ ಶೇ 90ರವರೆಗೂ ಸಿಕ್ಕಿದ್ದು ಡ್ರಿಪ್ ಇಷ್ಟು ಹರಡಲು ಮುಖ್ಯ ಕಾರಣ.

ಹಾಕಿಸಿದ ಮೇಲಿನ ಆರೈಕೆಗೆ ಅಷ್ಟು ಗಮನ ಸಿಕ್ಕಿಲ್ಲ. ಆಳದ ಬೋರಿನ ನೀರು ಗಡುಸು. ಬೇಸಿಗೆಯ ನಡುವೆ ಸಾಲಿನ ಬದಿಗೆ ಕುಳಿತು ನೋಡಿದರೆ ಡ್ರಿಪ್ಪರಿನ ರಂಧ್ರದ ಸುತ್ತ ಬಿಳಿಯ ಉಪ್ಪಿನ ಪೊರೆ ಕಟ್ಟಿರುವುದು ಕಾಣುತ್ತದೆ. ಬೆರಳಿಂದ ಉಜ್ಜಿದರೆ ಸುಣ್ಣದಂತೆ ಉದುರುತ್ತದೆ. ಒಳಗೂ ಹೀಗೇ ಕಟ್ಟಿದಾಗ ಸಾಲಿನ ಆರಂಭದ ಗಿಡ ಹಸಿರಾಗಿ ನಿಂತಿದ್ದರೆ ಕೊನೆಯ ಗಿಡ ಬಾಡುತ್ತದೆ. ರೈತ ಕೊನೆಯ ಗಿಡವನ್ನು ನೋಡಿ ಪಂಪನ್ನು ಇನ್ನೊಂದು ಗಂಟೆ ಓಡಿಸುತ್ತಾನೆ. ಮೊದಲ ಗಿಡಗಳ ಬುಡದಲ್ಲಿ ನೀರು ಬೇರನ್ನೂ ದಾಟಿ ಕೆಳಗಿಳಿಯುತ್ತದೆ, ಉಳಿತಾಯವೆಲ್ಲ ಅಲ್ಲಿಗೆ ಮುಗಿಯಿತು. ವಾರಕ್ಕೊಮ್ಮೆ ಫಿಲ್ಟರ್ ತೊಳೆಯುವುದು, ಲ್ಯಾಟರಲ್ಲಿನ ತುದಿಯ ಮುಚ್ಚಳ ಬಿಚ್ಚಿ ಕೆಸರು ಹರಿಯಬಿಡುವುದು, ತಜ್ಞರು ಹೇಳಿದ ಪ್ರಮಾಣದಲ್ಲಿ ಆಗಾಗ ಆಮ್ಲ ಬಿಟ್ಟು ಉಪ್ಪು ಕರಗಿಸುವುದು, ಇವಿಷ್ಟು ನಡೆದರೆ ಡ್ರಿಪ್ ಡ್ರಿಪ್ಪಾಗಿ ಉಳಿಯುತ್ತದೆ.

ನೀರು ಯಾವಾಗ ಬಿಡಬೇಕು ಎಂಬುದನ್ನು ಹೆಚ್ಚಿನ ಕಡೆ ಕರೆಂಟು ನಿರ್ಧರಿಸುತ್ತದೆ. ತ್ರೀ ಫೇಸ್ ಬಂದಾಗ ಸ್ಟಾರ್ಟರ್ ಒತ್ತುವುದು ರೂಢಿ. ಗಿಡವೇ ನಿರ್ಧರಿಸುವಂತೆ ಮಾಡಲು ಮಣ್ಣಿನ ತೇವ ಅಳೆಯುವ ಸಾಧನಗಳಿವೆ. ಕೊಯಮತ್ತೂರಿನ ಕಬ್ಬು ತಳಿ ಅಭಿವೃದ್ಧಿ ಸಂಸ್ಥೆ ರೂಪಿಸಿದ ಸರಳ ತೇವಾಂಶ ಸೂಚಕವನ್ನು ಮಣ್ಣಿಗೆ ಚುಚ್ಚಿದರೆ ಬಣ್ಣದ ದೀಪ ಹೊತ್ತುತ್ತದೆ. ನೀಲಿ ಕಂಡರೆ ತೇವ ಬೇಕಾದಷ್ಟಿದೆ, ಕೆಂಪು ಕಂಡರೆ ಕೂಡಲೇ ನೀರು ಬೇಕು. ಓದುಬರಹ ಬಾರದವರಿಗೂ ತಿಳಿಯುವ ಇಂಥ ಸಾಧನಗಳು ಲಕ್ಷಗಟ್ಟಲೆ ಬೆಲೆಯ ಸ್ವಯಂಚಾಲಿತ ವ್ಯವಸ್ಥೆಗಿಂತ ಎರಡೆಕರೆಯ ತೋಟಕ್ಕೆ ಹೆಚ್ಚು ಹೊಂದುತ್ತವೆ.

ಹನಿ ನೀರಾವರಿಯ ಬಗ್ಗೆ ಹೇಳಲೇಬೇಕಾದ ಮಾತೊಂದಿದೆ. ಉಳಿಸಿದ ನೀರು ಭೂಮಿಯಲ್ಲೇ ಉಳಿಯುತ್ತದೆಂಬ ಭರವಸೆಯಿಲ್ಲ. ಎರಡು ಇಂಚು ನೀರು ಬರುವ ಬೋರಿನಲ್ಲಿ ಮೊದಲು ಒಂದೆಕರೆ ಬೆಳೆಯುತ್ತಿದ್ದವರು ಡ್ರಿಪ್ ಬಂದ ಮೇಲೆ ಎರಡೆಕರೆಗೆ ವಿಸ್ತರಿಸುತ್ತಾರೆ, ರಾಗಿ ಹೊಲವಾಗಿದ್ದ ತುಂಡಿಗೂ ಕ್ಯಾಪ್ಸಿಕಂ ಬರುತ್ತದೆ. ಆದಾಯ ಹೆಚ್ಚಿತು, ಕುಟುಂಬಕ್ಕೆ ಒಳ್ಳೆಯದೇ ಆಯಿತು. ಆದರೆ ಭೂಮಿಯಿಂದ ಎತ್ತಿದ ನೀರಿನ ಮೊತ್ತ ಇಳಿಯಲಿಲ್ಲ. ಮನೆಮನೆಗೂ ಡ್ರಿಪ್ ಇರುವ ಕೋಲಾರದಲ್ಲಿ ಅಂತರ್ಜಲ ‘ಅತಿಬಳಕೆ’ಯ ಪಟ್ಟಿಯಿಂದ ಹೊರಬರದಿರುವುದಕ್ಕೆ ಇದೂ ಒಂದು ಕಾರಣ. ಸಹಾಯಧನದ ಜೊತೆಗೆ ಬೆಳೆ ಪ್ರದೇಶದ ಮಿತಿಯನ್ನು ಊರೇ ಕೂಡಿ ಒಪ್ಪಿಕೊಂಡು ಹಾಕಿಕೊಳ್ಳದಿದ್ದರೆ ಸಾಧನ ಒಂದರಿಂದಲೇ ಬಾವಿ ತುಂಬುವುದಿಲ್ಲ.

ಸೌರಪಂಪಿಗೂ ಈ ಮಾತು ಅಷ್ಟೇ ಸಲ್ಲುತ್ತದೆ. ಡೀಸೆಲ್ ಸುಡುವುದು, ರಾತ್ರಿ ಕರೆಂಟಿಗೆ ಕಾಯುವುದು ತಪ್ಪುತ್ತದೆ, ಇಂಗಾಲ ಹೊರಬೀಳುವುದೂ ತಗ್ಗುತ್ತದೆ. ಆದರೆ ಬಿಸಿಲು ಇರುವಷ್ಟು ಹೊತ್ತೂ ಪುಕ್ಕಟೆಯಾಗಿ ಓಡುವ ಪಂಪು ಬೋರನ್ನು ಇನ್ನಷ್ಟು ಹಿಂಡಬಹುದು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಜಾರಿಯಾದ ಸೂರ್ಯ ರೈತ ಯೋಜನೆಯಲ್ಲಿ ರೈತರು ಬಳಸದೆ ಉಳಿಸಿದ ಸೌರವಿದ್ಯುತ್ತನ್ನು ವಿದ್ಯುತ್ ಜಾಲಕ್ಕೆ ಮಾರುವ ವ್ಯವಸ್ಥೆಯಿತ್ತು. ಪಂಪು ನಿಲ್ಲಿಸಿದರೂ ಹಣ ಬರುವ ಈ ಏರ್ಪಾಟಿನ ಯೋಚನೆ ಸರಿಯಾಗಿತ್ತು. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಡುವ ರಾಜ್ಯದಲ್ಲಿ ನೀರು ಉಳಿಸಿದವರಿಗೆ ಲಾಭ ತೋರಿಸುವ ದಾರಿಗಳು ಬೇರೆ ಹೆಚ್ಚಿಲ್ಲ.

ನೆಲದ ಹೊದಿಕೆ ಬೇಸಿಗೆ ತೋಟದ ಇನ್ನೊಂದು ಆಧಾರ. ಎತ್ತರದ ಮಡಿಯ ಮೇಲೆ ಲ್ಯಾಟರಲ್ ಎಳೆದು, ಅದರ ಮೇಲೆ 25–30 ಮೈಕ್ರಾನಿನ ಮಲ್ಚಿಂಗ್ ಶೀಟ್ ಹಾಸಿ, ಅಂಚುಗಳಿಗೆ ಮಣ್ಣು ಏರಿಸಿ, ದುಂಡಗೆ ತೂತು ಕೊರೆದು ಸಸಿ ನೆಡುತ್ತಾರೆ. ಬೆಳ್ಳಿಯ ಬಣ್ಣದ ಮೈ ಮೇಲಕ್ಕೆ, ಕಪ್ಪು ಮೈ ಕೆಳಕ್ಕೆ. ಬೆಳ್ಳಿ ಮೈ ಬೆಳಕನ್ನು ಹಿಂದಕ್ಕೆ ಹೊಡೆದು ಮಣ್ಣನ್ನು ತಂಪಾಗಿಡುವುದಲ್ಲದೆ ಬಿಳಿನೊಣ, ಥ್ರಿಪ್ಸ್, ಹೇನುಗಳ ದಿಕ್ಕು ತಪ್ಪಿಸುತ್ತದೆ. ಕಪ್ಪು ಮೈ ಬೆಳಕಿಗೆ ಅಡ್ಡ ನಿಂತು ಕಳೆಯನ್ನು ಮೊಳೆಯಗೊಡುವುದಿಲ್ಲ. ಮಣ್ಣಿನಿಂದ ನೇರವಾಗಿ ಆವಿಯಾಗುವ ನೀರು ಬಹುಪಾಲು ಉಳಿಯುತ್ತದೆ. ಬೆಳೆ ಮುಗಿದ ಮೇಲಿನ ಕಥೆ ಬೇರೆ. ಹರಿದ ಹಾಳೆಯ ಚೂರುಗಳು ಬದುಗಳಲ್ಲಿ, ಕೆರೆಯ ಏರಿಯಲ್ಲಿ, ದನದ ಹೊಟ್ಟೆಯಲ್ಲಿ ಸೇರುತ್ತಿವೆ. ಕಡ್ಡಿ ಗೀರಿ ಸುಡುವವರೂ ಇದ್ದಾರೆ. ಮಾರುವ ಅಂಗಡಿಯೇ ಹಳೆಯ ಹಾಳೆಯನ್ನು ಮರಳಿ ಪಡೆಯುವ ಕಡ್ಡಾಯ ಏರ್ಪಾಟು ಬರಬೇಕು. ಸೊಪ್ಪು, ಹುರುಳಿಕಾಯಿಯಂಥ ಬೆಳೆಗೆ ಕಬ್ಬಿನ ರವದಿ, ಭತ್ತದ ಹುಲ್ಲು, ತೆಂಗಿನ ಗರಿಯ ಹೊದಿಕೆ ಸಾಕು. ಅದು ಕೊಳೆತು ಮಣ್ಣಿಗೇ ಸೇರುತ್ತದೆ, ಮಣ್ಣಿನ ನೀರು ಹಿಡಿಯುವ ಗುಣವನ್ನೂ ಹೆಚ್ಚಿಸುತ್ತದೆ.

ಬಿಸಿಲಿನ ಏಟು ನೀರಿನ ಕೊರತೆಯಷ್ಟೇ ಕಠಿಣ. ಹಗಲಿನ ಉಷ್ಣಾಂಶ 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದರೆ ಟೊಮೆಟೊದ ಪರಾಗ ಸತ್ತ್ವ ಕಳೆದುಕೊಂಡು ಹೂ ಉದುರುತ್ತದೆ. ಕಾಂಕ್ರೀಟು ಹಗಲಿನ ಕಾವನ್ನು ಹಿಡಿದಿಟ್ಟು ರಾತ್ರಿ ಬಿಡುವುದರಿಂದ ನಗರಕ್ಕೆ ಅಂಟಿಕೊಂಡ ತೋಟಗಳಲ್ಲಿ ರಾತ್ರಿಯ ತಂಪು ಇನ್ನೂ ಕಡಿಮೆ. ಸೊಪ್ಪು, ಕ್ಯಾಪ್ಸಿಕಂ, ನರ್ಸರಿಗಳಿಗೆ ಅರ್ಧ ಬಿಸಿಲು ತಡೆಯುವ ನೆರಳು ಪರದೆ ಇದಕ್ಕೆ ಒಳ್ಳೆಯ ಉಪಾಯ. ಗಾಳಿಯಾಟವಿಲ್ಲದ ಪಾಲಿಹೌಸು ಏಪ್ರಿಲ್‌ನಲ್ಲಿ ಒಲೆಯಾಗುತ್ತದೆ. ಹೆಚ್ಚಿನ ರೈತರು ಈಗ ಬೀಜ ಚೆಲ್ಲುವುದಿಲ್ಲ. ಪರದೆ ಮನೆಯಲ್ಲಿ ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ ಮೂರ್ನಾಲ್ಕು ವಾರ ಬೆಳೆಸಿದ ಸಸಿಯನ್ನು ನರ್ಸರಿಯಿಂದ ತಂದು ನೆಡುತ್ತಾರೆ. ಇದರಿಂದ ಹೊಲಕ್ಕೆ ಅಷ್ಟು ವಾರಗಳ ನೀರು ಉಳಿಯುತ್ತದೆ, ಎಳೆಯ ಸಸಿಗೆ ವೈರಸ್ ತಗಲುವುದೂ ತಪ್ಪುತ್ತದೆ. ಬೇಸಿಗೆಯಲ್ಲಿ ಬಿಳಿನೊಣ ಹರಡುವ ಎಲೆಮುರುಟು ರೋಗವೇ ಟೊಮೆಟೊದ ದೊಡ್ಡ ಶತ್ರು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಎಲೆಮುರುಟು, ದುಂಡಾಣು ಸೊರಗು, ಅಂಗಮಾರಿ ಈ ಮೂರನ್ನೂ ತಡೆದುಕೊಳ್ಳುತ್ತದೆ. ತಳಿಯಲ್ಲೇ ತಾಳಿಕೆ ಇದ್ದರೆ ಸಿಂಪಡಿಸುವ ಔಷಧಿ ಕಡಿಮೆಯಾಗುತ್ತದೆ, ಖರ್ಚೂ ಇಳಿಯುತ್ತದೆ.

ನಗರದಂಚಿನ ಬೇಸಾಯಕ್ಕೆ ಬೇರೆಲ್ಲೂ ಇಲ್ಲದ ಒಂದು ಜಲಮೂಲವಿದೆ. ಅದು ನಗರ ಬಳಸಿ ಬಿಟ್ಟ ನೀರು. ಮನೆಗೆ ಬಂದ ನೀರಿನ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಹೋಗುತ್ತದೆ. ಕಾವೇರಿ ನೀರು ಹೆಚ್ಚು ಬಂದಷ್ಟೂ ಈ ಹರಿವೂ ಹೆಚ್ಚು, ಬೇಸಿಗೆಯಲ್ಲೂ ಇದು ನಿಲ್ಲುವುದಿಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ಸಾಮರ್ಥ್ಯ ದಿನಕ್ಕೆ 44 ಕೋಟಿ ಲೀಟರ್. ಗುರಿ 126 ಕೆರೆಗಳು. 2018ರ ಜೂನ್‌ನಲ್ಲಿ ನರಸಾಪುರ ಬಳಿಯ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಮರುತಿಂಗಳೇ ನೊರೆ ಕಾಣಿಸಿಕೊಂಡು ವಿವಾದ ಹೈಕೋರ್ಟ್ ಮೆಟ್ಟಿಲೇರಿತು, ಮುಂದೆ ಸುಪ್ರೀಂ ಕೋರ್ಟಿಗೂ ಹೋಯಿತು. ಹೆಬ್ಬಾಳ–ನಾಗವಾರ ಕಣಿವೆಯ ನೀರನ್ನು ಚಿಕ್ಕಬಳ್ಳಾಪುರದ ಕಡೆಗೆ ಹರಿಸುವ ಇನ್ನೊಂದು ಯೋಜನೆಯೂ ಜಾರಿಯಾಯಿತು. ಇವುಗಳ ಉದ್ದೇಶ ಕೆರೆಯಿಂದ ನೇರವಾಗಿ ನೀರು ಎತ್ತುವುದಲ್ಲ, ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸುವುದು. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿದ ಮೇಲೆ ಸುತ್ತಲಿನ ಬೋರುಗಳಲ್ಲಿ ನೀರು ಮೇಲೇರಿದ್ದು ನಿಜ. ಕೆರೆ ಕೆಳಗಿನ ಹೊಲಗಳಲ್ಲಿ ಬೇಸಿಗೆ ಬೆಳೆ ಮರಳಿದ್ದೂ ನಿಜ.

ಹಾಗೆಂದು ಆತಂಕ ಸುಳ್ಳಲ್ಲ. ಎರಡನೇ ಹಂತದ ಶುದ್ಧೀಕರಣ ಕೊಳೆಯುವ ಸಾವಯವ ವಸ್ತುವನ್ನು ಬಹುಪಾಲು ತೆಗೆಯುತ್ತದೆ. ರೋಗಾಣು, ಸಾರಜನಕ, ರಂಜಕ, ಮಾರ್ಜಕಗಳ ಉಳಿಕೆಯನ್ನು ಪೂರ್ತಿ ತೆಗೆಯಲು ಮೂರನೇ ಹಂತ ಬೇಕು. ಅದನ್ನು ಕೋಲಾರದ ಜನ ಕೇಳುತ್ತಿರುವುದು ನ್ಯಾಯವೇ ಆಗಿದೆ. ಶುದ್ಧೀಕರಣವನ್ನು ಕೈಬಿಟ್ಟರೆ ಏನಾಗುತ್ತದೆಂಬುದಕ್ಕೆ ವೃಷಭಾವತಿ ಸಾಕ್ಷಿ. ನಗರದ ಕೊಳಚೆಗೆ ಕಾರ್ಖಾನೆಗಳ ತ್ಯಾಜ್ಯವೂ ಬೆರೆತು ಬೈರಮಂಗಲ ಕೆರೆ ಸೇರುವ ಈ ನೀರಿನಲ್ಲಿ ಬೆಳೆದ ಬೆಳೆಗಳಲ್ಲೂ ಅಲ್ಲಿನ ಮಣ್ಣಿನಲ್ಲೂ ಭಾರಲೋಹಗಳು ಪತ್ತೆಯಾಗಿವೆ. ಹಿಂದೆ ಭತ್ತ ಬೆಳೆಯುತ್ತಿದ್ದ ಅಲ್ಲಿನವರು ಬೇಬಿಕಾರ್ನ್, ಮೇವು, ಹಿಪ್ಪುನೇರಳೆಗೆ ತಿರುಗಿದ್ದಾರೆ. ರೋಗಾಣು ಬಿಸಿಲಿಗೆ, ಕುದಿತಕ್ಕೆ ಸಾಯುತ್ತದೆ; ಭಾರಲೋಹ ಯಾವುದಕ್ಕೂ ನಾಶವಾಗುವುದಿಲ್ಲ. ಆದ್ದರಿಂದ ಕಾರ್ಖಾನೆಯ ನೀರು ಮನೆಗಳ ಕೊಳಚೆಗೆ ಸೇರದಂತೆ ತಡೆಯುವುದೇ ಇಲ್ಲಿ ಮೊದಲ ತಂತ್ರಜ್ಞಾನ.

ಮರುಬಳಕೆಯ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ ಒಂದೇ ಗೋಡೆಯ ಬದಲು ಹಲವು ತಡೆಗಳನ್ನು ಹೇಳುತ್ತದೆ. ನೀರನ್ನು ಕೊಳದಲ್ಲಿ ಕೆಲ ದಿನ ನಿಲ್ಲಿಸಿದರೆ ಹುಳದ ಮೊಟ್ಟೆಗಳು ತಳಕ್ಕಿಳಿಯುತ್ತವೆ. ಹನಿ ನೀರಾವರಿಯಿಂದ ಕೊಟ್ಟರೆ ಎಲೆ, ಕಾಯಿಗೆ ನೀರು ತಾಗುವುದಿಲ್ಲ. ಕೊಯ್ಲಿಗೆ ಕೆಲ ದಿನ ಮುಂಚೆ ನೀರು ನಿಲ್ಲಿಸಿದರೆ ಉಳಿದ ರೋಗಾಣು ಬಿಸಿಲಿಗೆ ಸಾಯುತ್ತವೆ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಕ್ಯಾರೆಟ್‌ಗಳನ್ನು ಇಂಥ ನೀರಿನಲ್ಲಿ ಬೆಳೆಯದೆ ಹೂವು, ಮೇವು, ಹಿಪ್ಪುನೇರಳೆ, ಬೇಯಿಸಿ ತಿನ್ನುವ ತರಕಾರಿ ಬೆಳೆಯುವುದು ಸರಿ. ನೀರಿನಲ್ಲೇ ಸಾರಜನಕ, ರಂಜಕ ಇರುವುದರಿಂದ ಗೊಬ್ಬರವನ್ನು ಅಷ್ಟು ಕಡಿತ ಮಾಡಬಹುದು. ಮಾಡದಿದ್ದರೆ ಗಿಡ ಬರಿಯ ಎಲೆಯಾಗಿ ಕಾಯಿ ಹಿಂದೆ ಬೀಳುತ್ತದೆ. ಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರು, ಅವರಲ್ಲಿ ಹೆಚ್ಚಿನವರು ಹೆಂಗಸರು, ಈ ಚರ್ಚೆಯಲ್ಲಿ ಮರೆತೇಹೋಗಿದ್ದಾರೆ. ಬೂಟು, ಕೈಗವಸು, ಕೈ ತೊಳೆಯಲು ಶುದ್ಧ ನೀರು ಕೂಡ ಇದೇ ಪಟ್ಟಿಗೆ ಸೇರಬೇಕು.

ನಗರದ ಮಲವೂ ಹಿಂದಿನಿಂದ ಹೊಲಕ್ಕೆ ಬರುತ್ತಲೇ ಇದೆ, ಈಗ ಗುಂಡಿ ಖಾಲಿ ಮಾಡುವ ಟ್ಯಾಂಕರುಗಳಲ್ಲಿ. ಹಸಿಯಾಗಿ ಸುರಿಯುವುದು ಅಪಾಯ. 2015ರಿಂದ ದೇವನಹಳ್ಳಿಯಲ್ಲಿ ನಡೆಯುತ್ತಿರುವ ಮಲತ್ಯಾಜ್ಯ ಸಂಸ್ಕರಣಾ ಘಟಕ ಅದನ್ನು ಒಣಗಿಸಿ, ಹಸಿ ಕಸದ ಜೊತೆ ಕೊಳೆಸಿ ಗೊಬ್ಬರ ಮಾಡುವ ದಾರಿ ತೋರಿಸಿದೆ. ಸಾವಯವ ಅಂಶ ತೀರಾ ಕಡಿಮೆಯಾಗಿರುವ ಈ ಕೆಂಪು ಮಣ್ಣಿಗೆ ಇಂಥ ಗೊಬ್ಬರ ಬಿದ್ದರೆ ನೀರು ಹಿಡಿಯುವ ಶಕ್ತಿ ಬರುತ್ತದೆ. ಒಮ್ಮೆ ಕೊಟ್ಟ ನೀರು ಒಂದು ದಿನ ಹೆಚ್ಚು ಬಾಳುವುದೂ ಬೇಸಿಗೆಯಲ್ಲಿ ದೊಡ್ಡ ಗಳಿಕೆಯೇ.

ಏನು ಬೆಳೆಯಬೇಕೆಂಬ ಆಯ್ಕೆ ಎಲ್ಲ ಸಾಧನಗಳಿಗಿಂತ ಹೆಚ್ಚು ನೀರು ಉಳಿಸಬಲ್ಲದು. ಶಿಡ್ಲಘಟ್ಟದ ಸುತ್ತ ಹಿಪ್ಪುನೇರಳೆಯನ್ನು ಒತ್ತಾದ ಪೊದೆಯಾಗಿ ಬೆಳೆಯುವ ಬದಲು ದೂರದೂರ ನೆಟ್ಟು ಮರವಾಗಿ ಬಿಡುವ ಪದ್ಧತಿ ಹರಡುತ್ತಿದೆ. ಬೇರು ಆಳಕ್ಕಿಳಿದ ಮರ ಕಡಿಮೆ ನೀರಿನಲ್ಲೂ ಸೊಪ್ಪು ಕೊಡುತ್ತದೆ. ಜನವರಿಯಲ್ಲಿ ಬೋರಿನ ಇಳುವರಿ ಅಳೆದು, ಇದ್ದ ನೀರಿಗೆ ತಕ್ಕಷ್ಟು ಟೊಮೆಟೊ ನೆಟ್ಟು, ಉಳಿದ ನೆಲವನ್ನು ಹುರುಳಿ, ಅಲಸಂದೆ, ಮೇವಿನ ಜೋಳಕ್ಕೆ ಬಿಡುವವರು ಮಾರ್ಚ್‌ನಲ್ಲಿ ಟ್ಯಾಂಕರ್ ನೀರು ಕೊಳ್ಳಬೇಕಾಗುವುದಿಲ್ಲ. ಇದಕ್ಕೆ ಮಳೆಯ ಸುದ್ದಿಯೂ ನೆರವಾಗುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಕೂರಿಸಿದೆ. ಅದರ ‘ವರುಣ ಮಿತ್ರ’ ಸಹಾಯವಾಣಿಗೆ ಕರೆ ಮಾಡಿದರೆ ಆಯಾ ಊರಿನ ಮಳೆ, ಗಾಳಿಯ ಮುನ್ಸೂಚನೆ ಕನ್ನಡದಲ್ಲೇ ಸಿಗುತ್ತದೆ. ಏಪ್ರಿಲ್‌ನ ಆಲಿಕಲ್ಲು ಮಳೆಗೆ ಮುಂಚೆ ಹಣ್ಣು ಕೊಯ್ದುಕೊಳ್ಳಲು, ಔಷಧಿ ಹೊಡೆಯುವ ದಿನ ಮುಂದೂಡಲು ಅಷ್ಟು ಸಾಕು.

ಇಷ್ಟೆಲ್ಲ ಸಾಧನಗಳಿಗೂ ನಗರದಂಚಿನಲ್ಲಿ ಎದುರಾಗುವ ದೊಡ್ಡ ಅಡ್ಡಿ ಜಮೀನಿನ ಅನಿಶ್ಚಿತತೆ. ಬಡಾವಣೆಗೆಂದು ಹೂಡಿಕೆದಾರರು ಕೊಂಡಿಟ್ಟ ನೆಲವನ್ನು ವರ್ಷದ ಗುತ್ತಿಗೆಗೆ ಪಡೆದು ತರಕಾರಿ ಬೆಳೆಯುವವರು ಬಹಳ. ಸಹಾಯಧನಕ್ಕೆ ಪಹಣಿ ಬೇಕು; ಪಹಣಿ ಇರುವುದು ಬೇಸಾಯ ಮಾಡದವರ ಹೆಸರಿನಲ್ಲಿ. ಮುಂದಿನ ವರ್ಷ ಹೊಲ ಇರುತ್ತದೋ ಇಲ್ಲವೋ ಗೊತ್ತಿಲ್ಲದವರು ಹೊಂಡ ತೋಡಿಸುವುದಿಲ್ಲ, ಮಣ್ಣಿಗೆ ಗೊಬ್ಬರ ಸುರಿಯುವುದಿಲ್ಲ. ಸ್ವಂತ ನೆಲವಿದ್ದವರಿಗೂ ಭಯ ತಪ್ಪಿದ್ದಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಭೂಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದ ಮೇಲೆ 2025ರ ಜುಲೈಯಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಗುತ್ತಿಗೆ ಪತ್ರವಿರುವ ರೈತರಿಗೂ ಸಹಾಯಧನ ಸಿಗುವಂತಾಗಬೇಕು. ಅಲ್ಲಿಯವರೆಗೆ ಅವರಿಗೆ ಹೊಂದುವುದು ಹೊತ್ತೊಯ್ಯಬಹುದಾದ ಸಾಧನಗಳೇ. ಬೆಳೆ ಮುಗಿದ ಮೇಲೆ ಸುತ್ತಿಡಬಹುದಾದ ಲ್ಯಾಟರಲ್ಲು, ಬಿದಿರಿನ ಕಂಬಕ್ಕೆ ಕಟ್ಟಿ ಬಿಚ್ಚಬಹುದಾದ ನೆರಳು ಪರದೆ, ಕೈಚೀಲದಲ್ಲಿ ಹಿಡಿಯುವ ತೇವಾಂಶ ಸೂಚಕ, ಸಸಿಯ ಟ್ರೇಗಳು, ನೀರು ತುಂಬಿಡಲು ಮಡಚಬಹುದಾದ ಟಾರ್ಪಾಲಿನ್ ತೊಟ್ಟಿ. ಗುತ್ತಿಗೆ ಮುಗಿದರೆ ಇವೆಲ್ಲವೂ ಒಂದೇ ಲಗೇಜ್ ಆಟೋದಲ್ಲಿ ಮುಂದಿನ ಹೊಲಕ್ಕೆ ಹೋಗುತ್ತವೆ.